ಐದು ಜನರ ಮನೆಗೆ ಬ್ಯಾಟರಿ ಎಸ್‌ಯುವಿ: ಮೈಸೂರಿನ ದಿನದ ಓಡಾಟ, ತಿಂಗಳಿಗೊಮ್ಮೆ ಪುತ್ತೂರು

ಕುಕ್ಕರಹಳ್ಳಿ:

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷ ಓಡಿಸಿದ ಡೀಸೆಲ್ ಕಾರನ್ನು ಈ ವರ್ಷ ಮಾರಿ, ಬ್ಯಾಟರಿಯ ಎಸ್‌ಯುವಿ ಕೊಳ್ಳುವ ಯೋಚನೆ ಇದೆ. ಮನೆಯಲ್ಲಿ ನಾವಿಬ್ಬರು, ಎಂಟು ಮತ್ತು ಹನ್ನೆರಡು ವರ್ಷದ ಇಬ್ಬರು ಮಕ್ಕಳು, ಮೊಣಕಾಲು ನೋವಿರುವ 71 ವರ್ಷದ ಅಮ್ಮ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು, ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮುಗಿಸಿ, ಸಂಜೆಯ ಸಂಗೀತದ ಪಾಠ, ತರಕಾರಿ ಇತ್ಯಾದಿಗಳನ್ನೆಲ್ಲ ಪೂರೈಸಿ ಮನೆ ಸೇರುವಷ್ಟರಲ್ಲಿ ದಿನಕ್ಕೆ 44 ಕಿ.ಮೀ. ಆಗುತ್ತದೆ. ತಿಂಗಳಿಗೊಮ್ಮೆ ಹುಣಸೂರು, ಕುಶಾಲನಗರ, ಮಡಿಕೇರಿ, ಸಂಪಾಜೆ, ಸುಳ್ಯದ ಮೇಲೆ ಪುತ್ತೂರಿನ ಬಳಿಯ ತೋಟದ ಮನೆಗೆ ಹೋಗುತ್ತೇವೆ. ಅದು ಒಂದು ಕಡೆಗೆ ಸುಮಾರು 205 ಕಿ.ಮೀ.

ಮನೆ ಸ್ವಂತದ್ದು, ಕಾರು ಪೋರ್ಟಿಕೋದಲ್ಲಿ ನಿಲ್ಲುತ್ತದೆ. ನೋಡಿರುವ ಕಾರುಗಳು ನೆಕ್ಸಾನ್ ಇವಿ 45, ಕ್ರೆಟಾ ಎಲೆಕ್ಟ್ರಿಕ್, ಮತ್ತು ಎಸ್‌ಯುವಿ ಎನ್ನಬಹುದೋ ಬಾರದೋ ಎಂಬ ಅನುಮಾನದೊಂದಿಗೆ ವಿಂಡ್ಸರ್. ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಎಷ್ಟು ದೂರ ಎಂಬುದಕ್ಕೆ ಒಂದರ ಕೈಪಿಡಿಯಲ್ಲಿ 489 ಕಿ.ಮೀ. ಎಂದಿದ್ದರೆ ಇನ್ನೊಂದರಲ್ಲಿ 473 ಎಂದಿದೆ. ಶೋರೂಮಿನ ಹುಡುಗ ಮಾತ್ರ ಯಾವುದನ್ನು ಕೇಳಿದರೂ "ಆರಾಮಾಗಿ ಬರುತ್ತೆ ಸರ್" ಎನ್ನುತ್ತಾನೆ. ನಿತ್ಯ ಓಡಿಸುವವರು ಯಾವ ಯಾವ ಅಂಶಗಳನ್ನು ತೂಗಿ ನೋಡಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಹಾಸನದ ದಾರಿ:

ಕುಕ್ಕರಹಳ್ಳಿಯವರೇ, ಸುಮಾರು 45 ಯೂನಿಟ್ ಬ್ಯಾಟರಿಯ ಎಸ್‌ಯುವಿಯೊಂದನ್ನು ನಾನು ಹದಿನೇಳು ತಿಂಗಳಿಂದ, 23,000 ಕಿ.ಮೀ. ಓಡಿಸಿದ್ದೇನೆ. ಕಾರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ; ಬರೆದರೆ ಇಲ್ಲಿ ಮುಂದಿನ ಇಪ್ಪತ್ತು ಉತ್ತರಗಳು ಕಂಪನಿಗಳ ಅಭಿಮಾನಿಗಳ ಜಗಳವಾಗುತ್ತವೆ ಎಂಬುದು ಹಿಂದಿನ ಅನುಭವ.

ಮೊದಲು ಕೈಪಿಡಿಯ ಸಂಖ್ಯೆಯ ವಿಷಯ. ಅದು ಸುಳ್ಳಲ್ಲ, ಆದರೆ ನಿಮ್ಮ ರಸ್ತೆಯದ್ದೂ ಅಲ್ಲ. ಪ್ರಯೋಗಾಲಯದ ರೋಲರುಗಳ ಮೇಲೆ, 90 ಕಿ.ಮೀ. ವೇಗವನ್ನು ಎಲ್ಲಿಯೂ ಮೀರದ ನಿಗದಿತ ಏರಿಳಿತದಲ್ಲಿ ಓಡಿಸಿ ಪಡೆದ ಫಲಿತಾಂಶ ಅದು. ಕಿಲೋವ್ಯಾಟ್ ಅವರ್ ಎಂಬ ದೊಡ್ಡ ಹೆಸರಿನ ಹಿಂದೆ ಇರುವುದು ಮನೆಯ ಮೀಟರಿನ ಒಂದು ಯೂನಿಟ್ಟೇ ಆದ್ದರಿಂದ, ಯೂನಿಟ್ಟಿಗೆ ಎಷ್ಟು ಕಿಲೋಮೀಟರ್ ಎಂದು ಕೇಳುವುದನ್ನು ರೂಢಿಸಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ನನ್ನ ಕಾರು ಊರೊಳಗೆ ಎಸಿ ಹಾಕಿಕೊಂಡು ಏಳೂವರೆ, ಹೆದ್ದಾರಿಯಲ್ಲಿ 80ರ ವೇಗದಲ್ಲಿ ಏಳು ಕಿ.ಮೀ. ಕೊಡುತ್ತದೆ, ಅದೇ ಹೆದ್ದಾರಿಯಲ್ಲಿ 100ಕ್ಕೆ ಏರಿಸಿದರೆ ಐದೂವರೆಗೆ ಇಳಿಯುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, 80ರಿಂದ 100ಕ್ಕೆ ಹೋದಾಗ ಪ್ರತಿ ಕಿಲೋಮೀಟರಿಗೆ ಗಾಳಿಯೊಂದನ್ನೇ ಸೀಳಲು ಶೇ. 56ರಷ್ಟು ಹೆಚ್ಚು ಶಕ್ತಿ ಬೇಕಾಗುತ್ತದೆ. ಡೀಸೆಲ್ ಕಾರಿನಲ್ಲಿಯೂ ಇದು ನಡೆಯುತ್ತಿತ್ತು, ಆದರೆ ಟ್ಯಾಂಕ್ ದೊಡ್ಡದಿದ್ದುದರಿಂದ ನಾವು ಲೆಕ್ಕ ಹಾಕುತ್ತಿರಲಿಲ್ಲ ಅಷ್ಟೆ. ಪೇಟೆಯಲ್ಲಿ ಮೈಲೇಜ್ ಹೆಚ್ಚು, ಹೆದ್ದಾರಿಯಲ್ಲಿ ಕಡಿಮೆ ಎಂಬ ಈ ತಿರುವುಮುರುವಿಗೆ ಮನಸ್ಸು ಒಗ್ಗಲು ನನಗೆ ಎರಡು ತಿಂಗಳು ಹಿಡಿಯಿತು.

ಇದನ್ನು ನಿಮ್ಮ ಓಡಾಟಕ್ಕೆ ಹೊಂದಿಸಿ ನೋಡಿ. ದಿನಕ್ಕೆ 44 ಕಿ.ಮೀ. ಎಂದರೆ ಆರು ಯೂನಿಟ್, ಅಂದರೆ ಬ್ಯಾಟರಿಯ ಏಳನೆಯ ಒಂದು ಭಾಗ. ಮಾಮೂಲಿ 15 ಆಂಪಿಯರ್ ಪ್ಲಗ್ಗಿಗೆ ಹಾಕಿದರೂ ಎರಡೂವರೆ ಗಂಟೆಯಲ್ಲಿ ತುಂಬುವಷ್ಟು. ಈ ಒಂದು ಲೆಕ್ಕದಲ್ಲಿ ನಿಮ್ಮ ತಿಂಗಳ ಇಪ್ಪತ್ತೈದು ದಿನಗಳ ಪ್ರಶ್ನೆ ಮುಗಿಯಿತು. ನೀವು ಹೆಸರಿಸಿದ ಮೂರು ಕಾರುಗಳಲ್ಲಿ ಯಾವುದನ್ನು ಕೊಂಡರೂ ಇದರಲ್ಲಿ ವ್ಯತ್ಯಾಸವಿಲ್ಲ. ಹಾಗಾಗಿ ದೊಡ್ಡ ಬ್ಯಾಟರಿಗೆ ಕೊಡುವ ಹೆಚ್ಚಿನ ಎರಡು ಮೂರು ಲಕ್ಷ ರೂಪಾಯಿ ಪೂರ್ತಿಯಾಗಿ ಪುತ್ತೂರಿನ ದಾರಿಯ ಖರ್ಚು ಎಂದು ತಿಳಿಯಿರಿ.

ಇನ್ನೊಂದು ವಿಷಯ. ಕಾರಿನ ಪರದೆ 36 ಯೂನಿಟ್ ತುಂಬಿತು ಎಂದಾಗ ನನ್ನ ಗೋಡೆಯ ಮೀಟರ್ 41 ಎನ್ನುತ್ತದೆ. ನಡುವಿನ ಐದು ಯೂನಿಟ್ ಚಾರ್ಜರಿನ ಬಿಸಿಯಾಗಿ ಹೋಗುತ್ತದೆ. ಖರ್ಚಿನ ಲೆಕ್ಕವನ್ನು ಯಾವಾಗಲೂ ಗೋಡೆಯ ಮೀಟರಿನಿಂದಲೇ ಹಾಕಬೇಕು.

ಮೂರು ಫೇಸ್:

ಹಾಸನದ ದಾರಿಯವರು ಹೇಳಿದ್ದೆಲ್ಲ ಸರಿ, ಆದರೆ ಅವರು ಪ್ಲಗ್ಗನ್ನು ಬಹಳ ಸುಲಭವಾಗಿ ದಾಟಿಬಿಟ್ಟರು. ನಾನು ಇಪ್ಪತ್ತಾರು ವರ್ಷದಿಂದ ಮನೆಗಳ ವೈರಿಂಗ್ ನೋಡಿಕೊಂಡು ಬಂದವನು. ನನ್ನ ಮಟ್ಟಿಗೆ ಬ್ಯಾಟರಿ ಕಾರಿನ ಪರೀಕ್ಷೆ ಶೋರೂಮಿನಲ್ಲಿ ಆರಂಭವಾಗಬಾರದು, ಮನೆಯ ಮೀಟರ್ ಬೋರ್ಡಿನ ಮುಂದೆ ಆರಂಭವಾಗಬೇಕು.

ಕಳೆದ ಚೈತ್ರದಲ್ಲಿ ಒಬ್ಬರ ಮನೆಗೆ ಕರೆದರು. ಹೊಸ ಕಾರು ಹಾರ ಹಾಕಿಸಿಕೊಂಡು ನಿಂತಿದೆ, ಚಾರ್ಜರ್ ಸಿಕ್ಕಿಸಿದರೆ ಕೆಂಪು ದೀಪ, ಮನೆಯವರಿಗೆ ಕಾರೇ ಕೆಟ್ಟಿದೆ ಎಂಬ ಅನುಮಾನ. ಕಾರು ಚೆನ್ನಾಗಿಯೇ ಇತ್ತು, ಮನೆಗೆ ಅರ್ತಿಂಗ್ ಇರಲಿಲ್ಲ. 1994ರಲ್ಲಿ ಕಟ್ಟಿದ ಮನೆ. ಅರ್ತಿಂಗ್ ಗುಂಡಿ ಇದ್ದ ಜಾಗದ ಮೇಲೆ ನಂತರ ಸಿಮೆಂಟ್ ಹಾಕಿ, ಅದರ ಮೇಲೆ ತುಳಸಿಕಟ್ಟೆ ಕಟ್ಟಿದ್ದರು. ಕೆಳಗಿನ ಪೈಪು ತುಕ್ಕು ಹಿಡಿದು ಕೈಗೇ ಮುರಿದು ಬಂತು. ಫ್ಯಾನು, ಫ್ರಿಜ್ಜು, ಮಿಕ್ಸಿ ಇವೆಲ್ಲ ಅರ್ತಿಂಗ್ ಇಲ್ಲದೆಯೂ ಮೌನವಾಗಿ ಓಡುತ್ತವೆ. ಕಾರಿನ ಚಾರ್ಜರ್ ಮಾತ್ರ ಮೊದಲು ಅರ್ತ್ ತಂತಿಯನ್ನು ಪರೀಕ್ಷಿಸಿ, ಅದು ಸರಿಯಿಲ್ಲದಿದ್ದರೆ ಕೆಲಸ ಮಾಡಲು ನಿರಾಕರಿಸುತ್ತದೆ, ಮತ್ತು ಹಾಗೆ ನಿರಾಕರಿಸುವುದೇ ಸರಿ. ಚಾರ್ಜರನ್ನು ಮೋಸಗೊಳಿಸಲು ನ್ಯೂಟ್ರಲ್ ಮತ್ತು ಅರ್ತ್ ತಂತಿಗಳನ್ನು ಸಾಕೆಟ್ಟಿನಲ್ಲಿಯೇ ಜೋಡಿಸುವವರಿದ್ದಾರೆ. ಆ ಕಡೆ ನ್ಯೂಟ್ರಲ್ ತುಂಡಾದ ದಿನ ಕಾರಿನ ಮೈಯೆಲ್ಲ ಕರೆಂಟ್ ಬರುತ್ತದೆ. ದಯವಿಟ್ಟು ಅದನ್ನು ಯಾರೂ ಮಾಡಬಾರದು, ಮಾಡಿಸಿಕೊಳ್ಳಲೂ ಬಾರದು.

ಎರಡನೆಯದು ಮಂಜೂರಾದ ಲೋಡ್, ಅಂದರೆ ಮನೆ ಒಮ್ಮೆಗೆ ಎಷ್ಟು ವಿದ್ಯುತ್ ಎಳೆಯಬಹುದು ಎಂಬ ಮಿತಿ. ಗೋಡೆಗೆ ಹಾಕುವ 7.2 ಕಿಲೋವ್ಯಾಟ್ ಚಾರ್ಜರ್ 32 ಆಂಪಿಯರ್ ಎಳೆಯುತ್ತದೆ. ನಿಮ್ಮ ಬಿಲ್ಲಿನಲ್ಲಿ ಮಂಜೂರಾದ ಲೋಡ್ 3 ಕಿಲೋವ್ಯಾಟ್ ಎಂದಿದ್ದರೆ ಅದನ್ನು ಹೆಚ್ಚಿಸಿಕೊಳ್ಳದೆ ಈ ಚಾರ್ಜರ್ ಹಾಕುವಂತಿಲ್ಲ. ನಿತ್ಯ 44 ಕಿ.ಮೀ. ಓಡಿಸುವವರಿಗೆ ಅದು ಅಗತ್ಯವೂ ಅಲ್ಲ. ಶುಕ್ರವಾರ ರಾತ್ರಿ ತಡವಾಗಿ ಬಂದು ಶನಿವಾರ ನಸುಕಿನಲ್ಲಿ ಪುತ್ತೂರಿಗೆ ಹೊರಡುವವರಿಗೆ ಮಾತ್ರ ಬೇಕಾಗುತ್ತದೆ.

ಮೂರನೆಯದನ್ನು ಶೋರೂಮಿನವರು ಯಾರೂ ಹೇಳುವುದಿಲ್ಲ: ಗೃಹಜ್ಯೋತಿ. ತಿಂಗಳಿಗೆ 1,100 ಕಿ.ಮೀ.ಗೆ ಸುಮಾರು 147 ಯೂನಿಟ್, ಚಾರ್ಜಿಂಗ್ ನಷ್ಟ ಸೇರಿದರೆ 165. ಮನೆಯ ಸ್ವಂತ ಬಳಕೆ 130 ಎಂದಿಟ್ಟುಕೊಂಡರೆ ಒಟ್ಟು 295 ಆಯಿತು. 200 ಯೂನಿಟ್ ದಾಟಿದ ತಿಂಗಳು ದಾಟಿದ ಭಾಗಕ್ಕೆ ಮಾತ್ರವಲ್ಲ, ಪೂರ್ತಿ ಬಿಲ್ಲನ್ನು ಕಟ್ಟಬೇಕು. 2025-26ರ ದರದಂತೆ ಯೂನಿಟ್ಟಿಗೆ ₹5.80, ಸರ್‌ಚಾರ್ಜ್, ತೆರಿಗೆ, ನಿಗದಿತ ಶುಲ್ಕ ಸೇರಿದರೆ ಇದುವರೆಗೆ ಸೊನ್ನೆ ಬರುತ್ತಿದ್ದ ಬಿಲ್ಲು ಎರಡೂವರೆ ಸಾವಿರದ ಆಸುಪಾಸಿಗೆ ಬರುತ್ತದೆ, ಮತ್ತು ಅಷ್ಟೂ ಹಣವನ್ನು ನ್ಯಾಯವಾಗಿ ಕಾರಿನ ಖಾತೆಗೇ ಬರೆಯಬೇಕು. "ಕಿಲೋಮೀಟರಿಗೆ ಒಂದು ರೂಪಾಯಿ" ಎಂಬ ಜಾಹೀರಾತಿನ ಮಾತು ಹೀಗೆ ನೋಡಿದರೆ ಎರಡೂಕಾಲು ರೂಪಾಯಿಯಾಗುತ್ತದೆ. ಆದರೂ ಲಾಭವೇ: ಲೀಟರಿಗೆ 13 ಕಿ.ಮೀ. ಕೊಡುವ ಪೆಟ್ರೋಲ್ ಎಸ್‌ಯುವಿಗೆ ಇದೇ ದೂರಕ್ಕೆ 85 ಲೀಟರ್ ಬೇಕು, ಅಂದರೆ ಎಂಟೂವರೆ ಸಾವಿರ ರೂಪಾಯಿ. ಇವಿ ಚಾರ್ಜಿಂಗ್‌ಗೆಂದೇ ಬೇರೆ ದರವರ್ಗವಿದ್ದು, ಅದಕ್ಕೆ ಪ್ರತ್ಯೇಕ ಮೀಟರ್ ಹಾಕಿಸಿಕೊಂಡರೆ ಮನೆಯ ಬಳಕೆ 200ರ ಒಳಗೇ ಉಳಿಯುತ್ತದೆ. ಅರ್ಜಿ, ಠೇವಣಿ, ಓಡಾಟ ಎಲ್ಲವೂ ಇರುತ್ತದೆ, ಆದರೆ ಒಂದು ವರ್ಷದಲ್ಲಿ ಹಣ ವಾಪಸ್ಸಾಗುತ್ತದೆ.

ಹಿಂದಿನ ಸೀಟು:

ಈ ಚರ್ಚೆಯಲ್ಲಿ ಇದುವರೆಗೆ ಬರೆದ ಎಲ್ಲರೂ ಸ್ಟಿಯರಿಂಗ್ ಹಿಡಿದು ಕೂತವರೆಂದು ಕಾಣುತ್ತದೆ. ಅಮ್ಮನ ಮೊಣಕಾಲಿನ ಬಗ್ಗೆ ಒಬ್ಬರೂ ಒಂದು ಸಾಲು ಬರೆಯಲಿಲ್ಲ.

ನಮ್ಮ ಮನೆಯಲ್ಲಿ ಅತ್ತೆಯವರಿಗೆ 74. ನಾವು ಕಾರು ಕೊಳ್ಳುವಾಗ ಅವರನ್ನು ಶೋರೂಮಿಗೆ ಕರೆದೊಯ್ಯಲಿಲ್ಲ, ಅದು ನಮ್ಮ ತಪ್ಪು. ಮೊದಲು ಪೆಟ್ರೋಲ್ ಕಾರಾಗಿ ರೂಪಿಸಿ, ಆಮೇಲೆ ಹೊಟ್ಟೆಯಡಿಗೆ ಬ್ಯಾಟರಿ ಸೇರಿಸಿದ ಹಲವು ಗಾಡಿಗಳಲ್ಲಿ ಕಾಲಿಡುವ ನೆಲ ಮೇಲೆ ಬಂದಿರುತ್ತದೆ, ಸೀಟು ಮಾತ್ರ ಇದ್ದ ಎತ್ತರದಲ್ಲಿಯೇ ಇರುತ್ತದೆ. ಕೂತಾಗ ಮೊಣಕಾಲು ಸೊಂಟಕ್ಕಿಂತ ಮೇಲೇರಿ, ತೊಡೆಗೆ ಆಸರೆ ಸಿಗದೆ ಭಾರವೆಲ್ಲ ಬೆನ್ನಿನ ಬುಡಕ್ಕೆ ಬೀಳುತ್ತದೆ. ಇಪ್ಪತ್ತು ನಿಮಿಷದ ದೇವಸ್ಥಾನದ ದಾರಿಯಲ್ಲಿ ಇದು ಗೊತ್ತಾಗುವುದಿಲ್ಲ. ಅರಸೀಕೆರೆ ದಾಟುವಷ್ಟರಲ್ಲಿ ಅತ್ತೆಯವರು ಚಪ್ಪಲಿ ಕಳಚಿ, ಒಂದು ಕಾಲನ್ನು ಮಡಚಿ ಸೀಟಿನ ಮೇಲೆ ಇಟ್ಟುಕೊಂಡಿದ್ದರು. ಈಗ ತೊಡೆಯಡಿಗೆ ಮಡಚಿದ ಕಂಬಳಿ ಇಡುತ್ತೇವೆ. ಇಳಿಯುವಾಗ ಇನ್ನೊಂದು ಕಷ್ಟ: ಎಸ್‌ಯುವಿಯ ಬಾಗಿಲ ಕೆಳಗಿನ ಪಟ್ಟಿ ಅಗಲವಾಗಿರುವುದರಿಂದ ಕಾಲನ್ನು ಮುಂದಕ್ಕೆ ಚಾಚಿ ನೆಲ ಹುಡುಕಬೇಕು, ಆ ಹೊತ್ತಿಗೆ ಹಿಡಿಯಲು ಕೈಗೆ ಏನೂ ಸಿಗುವುದಿಲ್ಲ. ಇಂಥ ಸಂದರ್ಭದಲ್ಲಿ ನೀವು ಎಸ್‌ಯುವಿ ಹೌದೋ ಅಲ್ಲವೋ ಎಂದು ಅನುಮಾನಪಟ್ಟ ವಿಂಡ್ಸರಿನಂಥ ಗಾಡಿಯೇ ವಯಸ್ಸಾದವರಿಗೆ ಹಿಡಿಸಬಹುದು. ಹೆಸರನ್ನು ಬಿಡಿ, ತಾಯಿಯವರನ್ನು ಕೂರಿಸಿ ನೋಡಿ.

ಮಕ್ಕಳ ವಿಷಯವನ್ನೂ ಹೇಳುತ್ತೇನೆ. ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಮೋಟಾರು ಜನರೇಟರಾಗಿ ತಿರುಗಿ ಬ್ಯಾಟರಿ ತುಂಬಿಸುವ ರೀಜೆನ್ ವ್ಯವಸ್ಥೆಯನ್ನು ನನ್ನ ಯಜಮಾನರು ಮೊದಲ ವಾರ ಗರಿಷ್ಠ ಮಟ್ಟದಲ್ಲಿಟ್ಟು, ಉಳಿತಾಯದ ಹುಮ್ಮಸ್ಸಿನಲ್ಲಿ ಓಡಿಸಿದರು. ಮುಂದೆ ಕೂತವರಿಗೆ ಅದು ಆಟ. ಹಿಂದೆ ಮೊಬೈಲ್ ನೋಡುತ್ತಿದ್ದ ಮಗಳಿಗೆ ಹೊಟ್ಟೆ ತೊಳಸಿ, ತಿಂದ ಇಡ್ಲಿಯೆಲ್ಲ ಆಚೆ ಬಂತು. ಮಟ್ಟವನ್ನು ಒಂದಕ್ಕೆ ಇಳಿಸಿದ ಮೇಲೆ ಆ ತೊಂದರೆ ಮರುಕಳಿಸಲಿಲ್ಲ.

ಡಿಕ್ಕಿಯನ್ನು ತೆರೆದು ಸ್ಟೆಪ್ನಿ ಇದೆಯೇ ಎಂದು ಕಣ್ಣಾರೆ ನೋಡಿ. ಹಲವು ಬ್ಯಾಟರಿ ಕಾರುಗಳು ಅದರ ಬದಲು ಪಂಕ್ಚರ್ ದ್ರವದ ಡಬ್ಬಿ ಕೊಡುತ್ತವೆ. ಕಲ್ಲು ತಾಗಿ ಟೈರಿನ ಪಕ್ಕ ಸೀಳಿದರೆ ಆ ಡಬ್ಬಿಯಿಂದ ಏನೂ ಪ್ರಯೋಜನವಿಲ್ಲ.

ಸಂಪಾಜೆ ಗೇಟು:

ನಾನು ಸುಳ್ಯದವನು, ಮಡಿಕೇರಿಗೆ ವಾರಕ್ಕೆ ಎರಡು ಸಲ ಬ್ಯಾಟರಿ ಕಾರಿನಲ್ಲಿಯೇ ಹತ್ತಿ ಇಳಿಯುತ್ತೇನೆ. ಆದರೂ ಇಲ್ಲಿನ ಉತ್ಸಾಹಕ್ಕೆ ಸ್ವಲ್ಪ ತಣ್ಣೀರು ಹಾಕಬೇಕೆನಿಸಿತು.

ಘಾಟಿಯ ಲೆಕ್ಕ ಹೀಗಿದೆ. ಸಂಪಾಜೆಯಿಂದ ಮಡಿಕೇರಿಗೆ 27 ಕಿ.ಮೀ.ಯಲ್ಲಿ ಸುಮಾರು ಒಂದು ಸಾವಿರ ಮೀಟರ್ ಏರಬೇಕು. ಐದು ಜನ, ಸಾಮಾನು ಸೇರಿ ಕಾರಿನ ತೂಕ 1,800 ಕಿಲೋ ಎಂದಿಟ್ಟುಕೊಂಡರೆ, ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲಿಕ್ಕೇ ಐದು ಯೂನಿಟ್ ಹತ್ತಿರ ಬೇಕು. ರಸ್ತೆಯ ಖರ್ಚು ಬೇರೆ. ನನ್ನ ಕಾರಿನಲ್ಲಿ ಏರುವಾಗ ಬ್ಯಾಟರಿ ಶೇ. 18ರಷ್ಟು ಇಳಿಯುತ್ತದೆ, ಇಳಿಯುವಾಗ ಶೇ. 4ರಷ್ಟು ಏರುತ್ತದೆ. ಖರ್ಚಾದದ್ದೆಲ್ಲ ವಾಪಸ್ ಬರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಡೀಸೆಲ್ ಕಾರು ಇಳಿಜಾರಿನಲ್ಲಿ ಒಂದು ತೊಟ್ಟನ್ನೂ ಟ್ಯಾಂಕಿಗೆ ಹಿಂತಿರುಗಿಸುತ್ತಿರಲಿಲ್ಲ ಎಂಬುದನ್ನೂ ಒಪ್ಪಬೇಕು.

ಹೊಸಬರು ಮಾಡುವ ತಪ್ಪು ಬೇರೆಯೇ. ಮಡಿಕೇರಿಯ ಹೋಂಸ್ಟೇಯಲ್ಲಿ ರಾತ್ರಿಯಿಡೀ ಚಾರ್ಜಿಗೆ ಹಾಕಿ, ಬೆಳಿಗ್ಗೆ ಶೇ. 100 ಮಾಡಿಕೊಂಡು ಘಾಟಿ ಇಳಿಯಲು ಹೊರಡುತ್ತಾರೆ. ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಯಲಾಗದು. ಬ್ಯಾಟರಿಯಲ್ಲಿ ಜಾಗವಿಲ್ಲದಿದ್ದರೆ ರೀಜೆನ್ ತಾನಾಗಿಯೇ ಕಡಿಮೆಯಾಗುತ್ತದೆ, ನಿತ್ಯ ಕಾಲು ತೆಗೆದರೆ ನಿಧಾನವಾಗುತ್ತಿದ್ದ ಕಾರು ಅಂದು ಜಾರುತ್ತಾ ಹೋಗುತ್ತದೆ, ಬ್ರೇಕ್ ಪ್ಯಾಡ್ ಕಾದು ವಾಸನೆ ಬರತೊಡಗುತ್ತದೆ. ಮಡಿಕೇರಿಯಿಂದ ಕೆಳಗೆ ಹೊರಡುವಾಗ ಶೇ. 85ರಲ್ಲಿ ನಿಲ್ಲಿಸಿ.

ಇನ್ನು ದಾರಿಯ ಚಾರ್ಜರುಗಳು. ನಕ್ಷೆಯಲ್ಲಿ ಹಸಿರು ಚುಕ್ಕೆ ಇದ್ದ ಮಾತ್ರಕ್ಕೆ ಅಲ್ಲಿ ಕರೆಂಟ್ ಇದೆ ಎಂದಲ್ಲ. ಜುಲೈ ತಿಂಗಳ ಒಂದು ಭಾನುವಾರ ರಾತ್ರಿ ಒಂಬತ್ತೂವರೆಗೆ, ಧಾರಾಕಾರ ಮಳೆಯಲ್ಲಿ, ಶೇ. 14 ಉಳಿದಿದ್ದಾಗ ನಾನು ನಂಬಿದ್ದ ಚಾರ್ಜರಿನ ಪರದೆ ಕಪ್ಪಾಗಿತ್ತು. ಸಹಾಯವಾಣಿಯವರು ಹಿಂದಿಯಲ್ಲಿ, "ದೂರದಿಂದಲೇ ರೀಸ್ಟಾರ್ಟ್ ಮಾಡುತ್ತೇವೆ, ಹತ್ತು ನಿಮಿಷ ಕಾಯಿರಿ" ಎಂದು ನಾಲ್ಕು ಸಲ ಹೇಳಿದರು. ಕೊನೆಗೆ ಪಕ್ಕದ ಹೋಟೆಲಿನ ಮಾಲೀಕರು ಗ್ರೈಂಡರಿನ ಪ್ಲಗ್ ತೆಗೆದು ಜಾಗ ಕೊಟ್ಟರು. ಎರಡು ಗಂಟೆ ಕೂತು, ಎರಡು ಚಹಾ ಕುಡಿದು, ಮನೆ ಸೇರುವಷ್ಟು ತುಂಬಿಸಿಕೊಂಡೆ. ಅಂದಿನಿಂದ ಮುಂದಿನ ಚಾರ್ಜರ್ ಸತ್ತಿದ್ದರೆ ಅದರಾಚೆಯದಕ್ಕೆ ತಲುಪುವಷ್ಟು ಬ್ಯಾಟರಿ ಇಟ್ಟುಕೊಳ್ಳದೆ ಮಳೆಗಾಲದಲ್ಲಿ ಹೊರಡುವುದಿಲ್ಲ.

ತೋಟದ ಮನೆಯಲ್ಲಿ ಚಾರ್ಜ್ ಮಾಡಿಕೊಳ್ಳುತ್ತೇವೆ ಎಂದು ಕುಕ್ಕರಹಳ್ಳಿಯವರು ಎಣಿಸಿದ್ದರೆ, ಬೇಸಿಗೆಯಲ್ಲಿ ಒಮ್ಮೆ ಅಲ್ಲಿನ ವೋಲ್ಟೇಜ್ ಅಳೆಯಿಸಲಿ. ಸುತ್ತಲಿನ ಅಡಿಕೆ ತೋಟಗಳ ಪಂಪುಗಳೆಲ್ಲ ಒಟ್ಟಿಗೆ ಓಡುವಾಗ ನಮ್ಮಲ್ಲಿ 170ಕ್ಕೆ ಇಳಿಯುತ್ತದೆ, ಆಗ ಚಾರ್ಜರ್ ನಿಂತುಬಿಡುತ್ತದೆ. ಉಚಿತ ಕರೆಂಟಿನ ಪಂಪ್‌ಸೆಟ್ ಲೈನಿಗೆ ಕಾರು ಸಿಕ್ಕಿಸುವುದು ನಿಯಮಬಾಹಿರ, ಅದನ್ನು ಯೋಚಿಸಲೂ ಬೇಡಿ.

ಹಾಸನದ ದಾರಿ:

ಸಂಪಾಜೆ ಗೇಟಿನವರ ಮಾತು ನ್ಯಾಯವಾದದ್ದು. ನನ್ನ ಲೆಕ್ಕದಲ್ಲಿ ಪುತ್ತೂರಿಗೆ ಇಳಿಯುವಾಗ 28, ಮರಳುವಾಗ 34 ಯೂನಿಟ್ ಬೇಕಾಗಬಹುದು. 45ರ ಬ್ಯಾಟರಿಗೆ ಇದು ಅಸಾಧ್ಯವಲ್ಲ, ಆದರೆ ಅಲ್ಲಿ ರಾತ್ರಿ ಪೂರ್ತಿ ತುಂಬದಿದ್ದರೆ ಮರಳುವಾಗ ಕುಶಾಲನಗರದ ಹೊತ್ತಿಗೆ ಬೆವರು ಬರುತ್ತದೆ. ಮನೆಯಲ್ಲಿ ಪ್ಲಗ್ ಇಲ್ಲದೆ ಪೂರ್ತಿಯಾಗಿ ಬೀದಿಯ ಚಾರ್ಜರನ್ನೇ ನಂಬುವವರಿಗೆ ನಾನು ಪೆಟ್ರೋಲ್ ಎಂಜಿನ್ ಮತ್ತು ಚಿಕ್ಕ ಬ್ಯಾಟರಿ ಎರಡೂ ಇರುವ ಹೈಬ್ರಿಡ್ ಕಾರನ್ನು ಸೂಚಿಸುತ್ತೇನೆ, ಏಕೆಂದರೆ ಅಲ್ಲಿ ಯೂನಿಟ್ಟಿಗೆ ಇಪ್ಪತ್ತು ರೂಪಾಯಿಯ ಆಸುಪಾಸು ಕೊಟ್ಟು, ಸರದಿಯಲ್ಲಿಯೂ ನಿಲ್ಲಬೇಕು.

ಬ್ಯಾಟರಿಯ ಆಯಸ್ಸಿನ ಬಗ್ಗೆ ಚುಟುಕಾಗಿ: ನಮ್ಮಲ್ಲಿ 8 ವರ್ಷ ಅಥವಾ 1,60,000 ಕಿ.ಮೀ. ಖಾತರಿ ಸಾಮಾನ್ಯ, ಕೆಲವು ಮಾದರಿಗಳ ಮೊದಲ ಮಾಲೀಕರಿಗೆ ಅದಕ್ಕಿಂತ ದೀರ್ಘವಾದದ್ದೂ ಇದೆ. ಎಷ್ಟು ಶೇಕಡಾಕ್ಕಿಂತ ಕೆಳಗಿಳಿದರೆ ಬದಲಿಸಿಕೊಡುತ್ತಾರೆ ಎಂಬ ಸಾಲನ್ನು ಖಾತರಿ ಪುಸ್ತಕದಲ್ಲಿ ಬೆರಳಿಟ್ಟು ತೋರಿಸಲು ಹೇಳಿ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬಗೆಯ ಬ್ಯಾಟರಿಯಾದರೆ ಕೈಪಿಡಿಯಲ್ಲಿ ಹೇಳಿದಂತೆ ಆಗಾಗ ಶೇ. 100 ತುಂಬಿಸಬೇಕು, ಇಲ್ಲದಿದ್ದರೆ ಪರದೆಯ ಶೇಕಡಾವಾರು ಲೆಕ್ಕ ತಪ್ಪುತ್ತದೆ. ನಾನು ಮೂರು ತಿಂಗಳು ಶೇ. 80 ದಾಟಿಸದೆ ಜೋಪಾನ ಮಾಡಿದ ಮೇಲೆ, ಒಂದು ಸಂಜೆ ಶೇ. 19 ತೋರಿಸುತ್ತಿದ್ದ ಕಾರು ಎರಡು ಕಿಲೋಮೀಟರಿನಲ್ಲಿ 11ಕ್ಕೆ ಜಿಗಿದಿತ್ತು.

ಕುಕ್ಕರಹಳ್ಳಿ:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮಿಸಿ. ಹಿಂದಿನ ಸೀಟಿನ ಮೇಡಂ ಹೇಳಿದಂತೆ ಅಮ್ಮನನ್ನು ಮೂರೂ ಶೋರೂಮುಗಳಿಗೆ ಕರೆದುಕೊಂಡು ಹೋದೆ. ಮೊದಲನೆಯದರಲ್ಲಿ ಕೂತವರು "ಚೆನ್ನಾಗಿದೆ" ಎಂದರು, ಆದರೆ ಇಳಿಯುವಾಗ ನನ್ನ ಭುಜ ಹಿಡಿದುಕೊಂಡರು. ಇನ್ನೊಂದರಲ್ಲಿ ಏನೂ ಹೇಳದೆ ತಾವೇ ಇಳಿದು, ಸೆರಗು ಸರಿಮಾಡಿಕೊಂಡು, ಮತ್ತೆ ತಾವೇ ಹತ್ತಿ ಕೂತರು. ಅದನ್ನೇ ಎರಡು ದಿನದ ಮಟ್ಟಿಗೆ ಬಾಡಿಗೆಗೆ ಪಡೆದು, ಐವರೂ ಕೂತು ಪುತ್ತೂರಿಗೆ ಹೋಗಿ ಬಂದೆವು. 80 ಮೀರಿಸದೆ ಓಡಿಸಿದಾಗ ಶೇ. 31 ಉಳಿಸಿಕೊಂಡು ತೋಟ ತಲುಪಿದೆವು. ಅಲ್ಲಿ ರಾತ್ರಿ ವೋಲ್ಟೇಜ್ 205 ಇತ್ತು, ಬೆಳಿಗ್ಗೆ ಆರಕ್ಕೆ ಪಂಪುಗಳು ಹೊರಟ ಮೇಲೆ 178. ಮರಳುವಾಗ ದಾರಿಯಲ್ಲಿ ಇಪ್ಪತ್ತೈದು ನಿಮಿಷ ಚಾರ್ಜಿಗೆ ನಿಲ್ಲಿಸಬೇಕಾಯಿತು, ಆದರೆ ಅಷ್ಟು ಹೊತ್ತು ಹೇಗೂ ಮಕ್ಕಳ ತಿಂಡಿಗೆ ಬೇಕಿತ್ತು.

ಮುಂಗಡ ಕೊಟ್ಟಿದ್ದೇನೆ. ಪ್ರತ್ಯೇಕ ಮೀಟರಿಗೆ ಅರ್ಜಿಯನ್ನೂ ಹಾಕಿದ್ದೇನೆ. ಮೂರು ಫೇಸ್ ಅವರಿಗೆ ಒಂದು ಪ್ರಶ್ನೆ ಉಳಿದಿದೆ: ಮೀಟರಿನಿಂದ ಪೋರ್ಟಿಕೋದ ಗೋಡೆಗೆ ತಂತಿಯ ದಾರಿ 22 ಮೀಟರ್ ಆಗುತ್ತದೆ. ನಮ್ಮ ಎಲೆಕ್ಟ್ರಿಷಿಯನ್ 4 ಚದರ ಮಿ.ಮೀ. ತಂತಿ ಸಾಕು ಎನ್ನುತ್ತಿದ್ದಾರೆ. 7.2 ಕಿಲೋವ್ಯಾಟ್ ಚಾರ್ಜರಿಗೆ ಇದು ಸರಿಯೇ?

ಮೂರು ಫೇಸ್:

ಸರಿಯಲ್ಲ. ಗೀಸರ್ ಅರ್ಧ ಗಂಟೆ ಓಡಿ ನಿಲ್ಲುತ್ತದೆ, ಕಾರು ಆರು ಗಂಟೆ ಒಂದೇ ಸಮನೆ 32 ಆಂಪಿಯರ್ ಎಳೆಯುತ್ತದೆ. ತಂತಿಗೆ ತಣಿಯಲು ಬಿಡುವಿರುವುದಿಲ್ಲ. 6 ಚದರ ಮಿ.ಮೀ. ತಾಮ್ರದ ತಂತಿ ಹಾಕಿಸಿ. 22 ಮೀಟರಿಗೆ ಸುಮಾರು ನಾಲ್ಕು ವೋಲ್ಟ್ ಇಳಿಯುತ್ತದೆ, ಅದು ನಡೆಯುತ್ತದೆ. ಪೈಪು ಬಿಸಿಲು ಬೀಳುವ ಗೋಡೆಯ ಮೇಲೆ ಹೋಗುವುದಾದರೆ 10 ಹಾಕಿಸಿ. ಚಾರ್ಜರಿಗೆ ಮಾತ್ರ ಮೀಸಲಾದ 40 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್), 30 ಮಿಲಿಆಂಪಿಯರಿನ ಟೈಪ್ ಎ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಬೇಕು. ನಡುವೆ ಎಲ್ಲಿಯೂ ತಂತಿಗೆ ಜೋಡಣೆ ಇರಬಾರದು. ಹೊಸ ಅರ್ತಿಂಗ್ ಗುಂಡಿ ತೋಡಿಸಿ, ಮೀಟರ್ ಹಿಡಿದು 5 ಓಮ್‌ಗಿಂತ ಕಡಿಮೆ ಇದೆಯೆಂದು ಅಳೆಸಿದ ಮೇಲೆಯೇ ಕೂಲಿ ಕೊಡಿ. ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರು ಹಾಕಿ, ಮತ್ತು ಆ ಗುಂಡಿಯ ಮೇಲೆ ದಯವಿಟ್ಟು ಏನನ್ನೂ ಕಟ್ಟಬೇಡಿ.